ನೆಲ ಬಿಟ್ಟು ಮೇಜು ಹತ್ತಿದ ಎಲೆ

ಹಿಂದೂಪುರದಿಂದ ಲೇಪಾಕ್ಷಿಗೆ ಸುಮಾರು 15 ಕಿ.ಮೀ. ಅಲ್ಲಿನ ವೀರಭದ್ರ ದೇವಸ್ಥಾನದ ಪ್ರಾಕಾರದಲ್ಲಿ ನಾವು ಕಾಲಿಡುವ ಬಂಡೆಯಲ್ಲೇ ತಟ್ಟೆಗಳನ್ನು ಕೊರೆದಿದ್ದಾರೆ. ಅನ್ನಕ್ಕೆ ಅಗಲವಾದ ಜಾಗ, ಪಲ್ಯ ಗೊಜ್ಜುಗಳಿಗೆ ಪುಟ್ಟ ಗುಳಿಗಳು. ಗುಡಿ ಕಟ್ಟಿದ ಕೆಲಸಗಾರರಿಗೆ ಬಡಿಸುತ್ತಿದ್ದುದು ಇದರಲ್ಲೇ ಎಂದು ಅಲ್ಲಿನವರು ತೋರಿಸುತ್ತಾರೆ. ಬಣ್ಣ ಕಲಸುತ್ತಿದ್ದರು ಎನ್ನುವವರೂ ಉಂಟು. ನನಗೆ ಊಟದ ಕಥೆಯೇ ಇಷ್ಟ. ಅದೇ ಆವರಣದಲ್ಲಿ ಶಿವ ಪಾರ್ವತಿಯರ ಮದುವೆಗೆಂದು ಎತ್ತಿದ ಕಲ್ಯಾಣ ಮಂಟಪ 16ನೇ ಶತಮಾನದಿಂದಲೂ ಅರ್ಧಕ್ಕೇ ನಿಂತಿದೆ. ಮಂಟಪ ಇದೆ, ತಟ್ಟೆ ಇದೆ, ಮೇಜು ಇಲ್ಲ. ನಮ್ಮ ಮದುವೆಯೂಟಕ್ಕೆ ಮೇಜು ಬಂದದ್ದು ತೀರಾ ಈಚೆಗೆ.

ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗದ ಸೀಮೆಯಲ್ಲಿ ಕನ್ನಡ ತೆಲುಗು ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತವೆ. ಆ ಪಂಕ್ತಿ ನೆಲದ ಮೇಲಿದ್ದಾಗ ಅಲಂಕಾರವೂ ನೆಲದ್ದೇ. ಸಾರಿಸಿದ ಅಂಗಳ, ಎಲೆಯ ಸುತ್ತ ರಂಗೋಲಿ. ಭೂಮದ ಊಟಕ್ಕಂತೂ ಮದುಮಕ್ಕಳ ಎಲೆಯ ಸುತ್ತ ಬಣ್ಣದ ಹಸೆ, ದೀಪ, ಭಕ್ಷ್ಯಗಳ ಸಾಲು. ನೋಡುವುದಕ್ಕೆ ಇಟ್ಟದ್ದನ್ನೇ ಆಮೇಲೆ ತಿನ್ನುವುದು. ಅಲಂಕಾರಕ್ಕೆಂದು ಬೇರೆ ಖರ್ಚು ಎಲ್ಲಿಂದ ಬರಬೇಕು?

ಎಲೆಯದ್ದೂ ಒಂದು ಕಥೆಯೇ. ಬಾಳೆಗೆ ನೀರು ಬೇಕು. ಅನಂತಪುರ ಸೀಮೆಯಲ್ಲಿ ವರ್ಷದ ಮಳೆ ಸುಮಾರು 550 ಮಿ.ಮೀ.; ಕಲ್ಯಾಣದುರ್ಗದ ಕಡೆ ಕಡಲೆಕಾಯಿ ಬೆಳೆಯೇ ಮುಗಿಲು ನೋಡುತ್ತ ಕೂರುತ್ತದೆ. ಇಂಥ ಒಣನಾಡಿಗೆ ಒದಗಿದ್ದು ಮುತ್ತುಗ. ಅಗಲದ ಎಲೆಗಳನ್ನು ಅಂಚಿಗೆ ಅಂಚು ಸೇರಿಸಿ, ತೆಳ್ಳಗೆ ಸೀಳಿದ ಕಡ್ಡಿ ಚುಚ್ಚಿ ಮುರಿಯುತ್ತ ಗುಂಡಗೆ ಹಚ್ಚುವುದು ಹೆಂಗಸರ ಬಿಡುವಿನ ಮಧ್ಯಾಹ್ನದ ಕೆಲಸ. ಹಚ್ಚಿದ್ದನ್ನು ಒಂದರ ಮೇಲೊಂದು ಪೇರಿಸಿ, ಭಾರ ಹೇರಿ ಒಣಗಿಸಿದರೆ ತಿಂಗಳುಗಟ್ಟಲೆ ಇರುತ್ತದೆ. ಉಣ್ಣುವ ಮುಂಚೆ ನೀರು ಚಿಮುಕಿಸಬೇಕು, ಇಲ್ಲದಿದ್ದರೆ ಕೈಯೊತ್ತಿದ ಕಡೆ ಚಟ್ಟನೆ ಸೀಳಿ ಸಾರು ನೆಲದ ಪಾಲು.

ಚೌಲ್ಟ್ರಿಗಳು ಬಂದವು, ಉದ್ದನೆಯ ಮೇಜು ಬಂತು. ಮಂಡಿನೋವಿನವರಿಗೆ, ಪ್ಯಾಂಟು ತೊಟ್ಟವರಿಗೆ ಅದು ಉಪಕಾರವೇ, ಬೈಯುವಂತಿಲ್ಲ. ಆದರೆ ರಂಗೋಲಿ ಕೆಳಗೇ ಉಳಿಯಿತು, ಮೇಜಿನ ಮೇಲೆ ಪೇಪರ್ ರೋಲ್ ಬಿಚ್ಚಿಕೊಂಡಿತು. ಊಟವಾದ ಮೇಲೆ ಎಲೆ, ಎಂಜಲು ಎಲ್ಲವನ್ನೂ ಪೇಪರಿನ ಸಮೇತ ಸುರುಳಿ ಸುತ್ತಿ ಎತ್ತಿದರೆ ಮುಂದಿನ ಪಂಕ್ತಿಗೆ ಮೇಜು ಸಿದ್ಧ. ಇಷ್ಟು ಸಲೀಸಾದದ್ದು ಬೇಗ ಹೋಗುವುದಿಲ್ಲ. ಬೋಳು ಬಿಳಿ ಪೇಪರು ಕಣ್ಣಿಗೆ ಒಗ್ಗದೆ ಪ್ಲಾಸ್ಟಿಕ್ ಹೂವು, ಥರ್ಮೋಕೋಲಿನ ಹಂಸ ಬಂದು ಕೂತವು. 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಾದ ವಸ್ತುಗಳ ಪಟ್ಟಿಯಲ್ಲಿ ಅಲಂಕಾರದ ಥರ್ಮೋಕೋಲ್, ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ ಇದ್ದವು. ಪ್ಲಾಸ್ಟಿಕ್ ಹೂವು ಮಾತ್ರ ಪಟ್ಟಿಯಿಂದ ಹೊರಗೇ ಉಳಿದು ಬಚಾವಾಯಿತು.

ಹಾಗೆಂದು ಎಲ್ಲರೂ ನೆಲಕ್ಕಿಳಿಯಬೇಕಿಲ್ಲ. ಮನೆಯ ತಾಮ್ರದ ಚೊಂಬಿಗೆ ಮಾವಿನ ಸೊಪ್ಪು, ನಾಲ್ಕು ಸಜ್ಜೆ ತೆನೆ ಇಟ್ಟರೆ ಮೇಜಿನ ಮಧ್ಯಕ್ಕೆ ಸಾಕು. ಚಪ್ಪರಕ್ಕೆ ತಂದ ತೆಂಗಿನ ಗರಿಯಲ್ಲಿ ಮಿಕ್ಕಿದ್ದರಿಂದ ಗಿಳಿ ಹೆಣೆಯಬಹುದು. ದೊನ್ನೆಯಲ್ಲಿ ಬಿಡಿ ಚೆಂಡುಹೂವು ಹಾಕಬಹುದು. ಅಡಿಕೆ ಹಾಳೆಯ ತಟ್ಟೆ ಚೆಂದವೇ. ಆದರೆ ಅಡಿಕೆ ಸೀಮೆಯಿಂದ ಬರಬೇಕು, ಸಾಗಣೆ ಸೇರಿ ದುಬಾರಿ. ಮುತ್ತುಗವನ್ನು ಬಡವರ ಎಲೆಯೆಂದು ಮೂಗು ಮುರಿಯುತ್ತಿದ್ದವರೇ ಈಗ ಯಂತ್ರದಲ್ಲಿ ಒತ್ತಿದ ಅದೇ ಎಲೆಯನ್ನು ಪೊಟ್ಟಣದಲ್ಲಿ ಕೊಳ್ಳುತ್ತಾರೆ.

ಚೌಲ್ಟ್ರಿಯ ಹಿಂಬದಿಯಲ್ಲಿ ದನಗಳು ಮೊದಲ ಪಂಕ್ತಿ ಏಳುವುದನ್ನೇ ಕಾಯುತ್ತಿರುತ್ತವೆ. ಬಾಳೆಲೆ ಬಂದರೆ ದಿಂಡಿನ ಸಮೇತ ಜಗಿದು ಮುಗಿಸುತ್ತವೆ. ಎಲೆಗೆ ಸುತ್ತಿಕೊಂಡು ಬಂದ ಪೇಪರನ್ನೂ ಬಿಡುವುದಿಲ್ಲ.