ತಂತ್ರಾಂಶದ ಎಳೆಗಳೂ ಅವುಗಳ ಸ್ಥಿತಿದರ್ಶಕ ಸಾಧನಗಳೂ

ದಾವಣಗೆರೆಯಿಂದ ಜಗಳೂರಿಗೆ ಹೋಗುವ ದಾರಿಯಲ್ಲಿರುವ ಬಿಳಿಚೋಡು ಒಂದು ಹೋಬಳಿಯ ಮುಖ್ಯಸ್ಥಳವಾಗಿದೆ. ಸುತ್ತಣ ಹಳ್ಳಿಗಳ ರೈತರು ಪಹಣಿ, ಜಾತಿ ಆದಾಯಗಳ ಪ್ರಮಾಣಪತ್ರ ಇವೇ ಮೊದಲಾದುವುಗಳಿಗಾಗಿ ಹೋಬಳಿಯ ಊರಿಗೆ ಬರುವುದು ರೂಢಿ. ‘ಭೂಮಿ’ ಯೋಜನೆಯ ಮೂಲಕ ಕರ್ನಾಟಕದ ಸುಮಾರು 67 ಲಕ್ಷ ರೈತರಿಗೆ ಸೇರಿದ 2 ಕೋಟಿಯಷ್ಟು ಪಹಣಿಗಳು ಗಣಕಯಂತ್ರವನ್ನೇರಿದ ಮೇಲೆ ಕೈಬರಹದ ಪಹಣಿಗೆ ಬೆಲೆಯಿಲ್ಲದಂತಾಯಿತು. ಅದರೊಡನೆಯೇ, ಬ್ಯಾಂಕು, ನ್ಯಾಯಬೆಲೆ ಅಂಗಡಿ, ಕಚೇರಿಗಳೆನ್ನದೆ ಎಲ್ಲೆಡೆಯೂ, ‘ಸರ್ವರ್ ಇಲ್ಲ’ ಎಂಬ ಹೊಸದೊಂದು ವಾಕ್ಯವು ಕನ್ನಡ ನುಡಿಗೆ ಸೇರಿಕೊಂಡಿತು. ಮಳೆಯನ್ನೇ ನೆಚ್ಚಿದ ಸೀಮೆಯ ಒಕ್ಕಲಿಗನಿಗೆ ಈ ವಾಕ್ಯದ ಅರ್ಥ ಒಂದು ದಿನದ ಕೂಲಿಯ ನಷ್ಟ. ಆದರೆ ಸರ್ವರು ಇಲ್ಲವಾಗಿರುವುದು ಬಲು ಅಪೂರ್ವ. ಬಹಳ ಸಲ ಅದು ಇದ್ದೇ ಇರುತ್ತದೆ, ಸುಸ್ಥಿತಿಯಲ್ಲಿರುವಂತೆಯೂ ತೋರುತ್ತದೆ. ಅದರೊಳಗಿನ ಎಳೆಗಳು ಮಾತ್ರ ನಿಂತಿರುತ್ತವೆ. ಎಳೆಗಳು ನಿಂತಿರುವುದನ್ನು ಕಾಣುವ ಬಗೆ ಯಾವುದು, ನಿಂತುದಕ್ಕೆ ಕಾರಣವನ್ನು ಅರಿಯುವ ಬಗೆ ಯಾವುದು ಎಂಬುದೇ ಇಲ್ಲಿಯ ವಿಷಯ.

ಇಂಗ್ಲಿಷಿನಲ್ಲಿ ಥ್ರೆಡ್ ಎನಿಸಿಕೊಳ್ಳುವ ಈ ವಸ್ತುವಿಗೆ ಎಳೆಯೆಂಬ ಹೆಸರು ಚೆನ್ನಾಗಿ ಒಪ್ಪುತ್ತದೆ. ಓಡುತ್ತಿರುವ ಒಂದು ತಂತ್ರಾಂಶಕ್ಕೆ ಪ್ರಾಸೆಸ್ ಎಂದು ಹೆಸರು. ಅದರೊಳಗೆ ಒಂದರ ಪಕ್ಕದಲ್ಲೊಂದು ನಡೆಯುವ ಆದೇಶಪರಂಪರೆಗಳೇ ಎಳೆಗಳು. ಪ್ರತಿಯೊಂದು ಎಳೆಗೂ ತನ್ನದೇ ಆದ ಕಾರ್ಯಸ್ಥಾನವೂ ತನ್ನದೇ ಆದ ಅಟ್ಟಿಯೂ (ಸ್ಟ್ಯಾಕ್) ಉಂಟು. ಸ್ಮೃತಿಯಾದರೋ ಎಲ್ಲಕ್ಕೂ ಸಮಾನ. ಹೀಗೆ ಒಂದೇ ಮನೆಯನ್ನು ಹಲವರು ಹಂಚಿಕೊಂಡಿರುವುದರಿಂದ, ಒಂದು ಎಳೆ ಯಾವುದಾದರೂ ಕಡತವನ್ನು ತಿದ್ದುತ್ತಿರುವಾಗ ಮತ್ತೊಂದು ಅದನ್ನು ಮುಟ್ಟದಂತೆ ಬೀಗಗಳನ್ನು ಹಾಕಬೇಕಾಗುತ್ತದೆ. ತೊಡಕುಗಳಲ್ಲಿ ಬಹುಪಾಲು ಈ ಬೀಗಗಳಿಂದಲೇ ಹುಟ್ಟುವುವು.

ಹತ್ತಿಗಿರಣಿಗಳಿಂದ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂದು ಹೆಸರಾಗಿದ್ದ ದಾವಣಗೆರೆಯ ಸೀಮೆಯವರಿಗೆ ನೂಲಿನ ಎಳೆಯ ಕಾವಲು ಹೊಸದಲ್ಲ. ಯಂತ್ರಮಗ್ಗದಲ್ಲಿ ಹಾಸಿನ ಒಂದೊಂದು ಎಳೆಯ ಮೇಲೂ ಒಂದೊಂದು ತೆಳುವಾದ ಉಕ್ಕಿನ ಪಟ್ಟಿಯನ್ನು ತೂಗಬಿಡುವುದುಂಟು; ಎಳೆ ಹರಿದೊಡನೆ ಪಟ್ಟಿ ಕೆಳಗೆ ಬಿದ್ದು ಮಗ್ಗವನ್ನು ನಿಲ್ಲಿಸುತ್ತದೆ. ತಂತ್ರಾಂಶದ ಎಳೆಗೆ ಇಷ್ಟು ಸುಲಭವಾದ ಕಾವಲು ಸಾಲದು. ಅದು ಹರಿದರೆ ದೋಷದ ಬರಹವೊಂದು ಹೇಗೋ ಎಲ್ಲಿಯೋ ಉಳಿಯುತ್ತದೆ. ಹರಿಯದೆ, ಸದ್ದಿಲ್ಲದೆ ಕಾಯುತ್ತ ಕುಳಿತರೆ ಯಾವ ಪಟ್ಟಿಯೂ ಬೀಳುವುದಿಲ್ಲ.

ಕಾಯುವುದರಲ್ಲಿಯೂ ಬಗೆಗಳುಂಟು. ಜಾವಾ ಭಾಷೆಯಲ್ಲಿ ಎಳೆಗೆ ಆರು ಸ್ಥಿತಿಗಳನ್ನು ಹೇಳಿದೆ. ಖಾತೆ ಬದಲಾವಣೆಯ ಅರ್ಜಿಯೊಂದನ್ನು ನೆನೆದರೆ ಇವು ಸುಲಭವಾಗಿ ತಿಳಿಯುತ್ತವೆ. ಬರೆದಿಟ್ಟು ಇನ್ನೂ ಕೊಡದಿರುವ ಅರ್ಜಿ ‘ನ್ಯೂ’. ಕೆಲಸ ನಡೆಯುತ್ತಿರುವ, ಅಥವಾ ಸರದಿ ಬಂದೊಡನೆ ನಡೆಯಬಲ್ಲ ಅರ್ಜಿ ‘ರನ್ನಬಲ್’. ಅದಕ್ಕೆ ಬೇಕಾದ ಕಡತ ಬೇರೊಬ್ಬರ ಮೇಜಿನ ಬೀಗದೊಳಗಿದ್ದರೆ ‘ಬ್ಲಾಕ್ಡ್’. ಇನ್ನೊಬ್ಬರು ಬಂದು ತಿಳಿಸುವವರೆಗೆ ಸುಮ್ಮನಿರಬೇಕಾದರೆ ‘ವೇಟಿಂಗ್’. ತಕರಾರಿಗೆ ಗೊತ್ತುಮಾಡಿದ ಅವಧಿ ಕಳೆಯಲೆಂದು ಕಾದಿದ್ದರೆ ‘ಟೈಮ್ಡ್ ವೇಟಿಂಗ್’. ತೀರ್ಮಾನವಾಗಿ ಮುಗಿದರೆ ‘ಟರ್ಮಿನೇಟೆಡ್’. ಅರ್ಜಿದಾರನಿಗೆ ನಡುವಣ ಮೂರೂ ಒಂದೇ ಬಗೆಯ ವಿಳಂಬವಾಗಿ ಕಾಣುತ್ತವೆ. ಪರಿಹಾರ ಹುಡುಕುವವನಿಗೆ ಮೂರೂ ಬೇರೆ ಬೇರೆ ರೋಗಗಳು.

ಲಿನಕ್ಸ್ ಕಾರ್ಯವ್ಯವಸ್ಥೆಯು ಇದಕ್ಕಿಂತ ಕೆಳಗಿನ ಮಟ್ಟದಲ್ಲಿ ನಿಂತು ಎಳೆಗಳಿಗೆ ಒಂದೊಂದು ಅಕ್ಷರದ ಗುರುತು ಹಾಕುತ್ತದೆ: ಓಡುವುದಕ್ಕೆ ‘ಆರ್’, ಎಬ್ಬಿಸಬಹುದಾದ ನಿದ್ರೆಗೆ ‘ಎಸ್’, ಎಬ್ಬಿಸಲಾಗದ ನಿದ್ರೆಗೆ ‘ಡಿ’. ಕಡೆಯದು ಸಾಮಾನ್ಯವಾಗಿ ಡಿಸ್ಕಿನ ಉತ್ತರಕ್ಕಾಗಿ ಕಾಯುವ ಸ್ಥಿತಿ; ಆಗ ಕೊಲ್ಲುವ ಆಜ್ಞೆಯನ್ನಿತ್ತರೂ ಎಳೆ ಸಾಯದು. ‘ಟಾಪ್’ ಎಂಬ ಸಾಧನಕ್ಕೆ ‘ಎಚ್’ ಎಂಬ ಸೂಚನೆಯನ್ನು ಸೇರಿಸಿದರೆ ಯಾವ ಎಳೆ ಎಷ್ಟು ಸಂಸ್ಕಾರಕವನ್ನು ತಿನ್ನುತ್ತಿದೆ ಎಂಬುದು ಕ್ಷಣಕ್ಷಣಕ್ಕೂ ಕಾಣುತ್ತದೆ. ಎಳೆ ಏನು ಮಾಡುತ್ತಿದೆ ಎಂಬುದನ್ನು ಮಾತ್ರ ಅದು ಹೇಳಲಾರದು.

ಅದನ್ನು ಹೇಳುವುದು ಎಳೆಚಿತ್ರ, ಎಂದರೆ ಥ್ರೆಡ್ ಡಂಪ್. ಒಂದು ಕ್ಷಣದಲ್ಲಿ ಎಳೆಗಳೆಲ್ಲ ಎಲ್ಲೆಲ್ಲಿ ನಿಂತಿವೆ, ಯಾವ ಬೀಗವನ್ನು ಹಿಡಿದಿವೆ, ಯಾವುದಕ್ಕಾಗಿ ಕಾದಿವೆ ಎಂಬುದರ ಬರಹವಿದು. ಜಾವಾದಲ್ಲಿ 2004ರ ಐದನೆಯ ಆವೃತ್ತಿಯೊಡನೆ ಬಂದ ‘ಜೆಸ್ಟ್ಯಾಕ್’ ಇದನ್ನು ತೆಗೆದುಕೊಡುತ್ತದೆ. ‘ಕಿಲ್’ ಆಜ್ಞೆಯನ್ನು 3 ಎಂಬ ಅಂಕಿಯೊಡನೆ ಕೊಟ್ಟರೂ ಫಲ ಒಂದೇ: ಹೆಸರು ಕೊಲೆಯದಾದರೂ ಜಾವಾಯಂತ್ರವು ಎಳೆಚಿತ್ರವನ್ನು ಬರೆದು ತನ್ನ ಕೆಲಸವನ್ನು ಮುಂದುವರಿಸುತ್ತದೆ. ಹೆಸರಿಗೆ ಹೆದರಿ ಇದನ್ನು ಮುಟ್ಟದವರುಂಟು.

ಚಿತ್ರ ಸಿಕ್ಕುವುದು ಸುಲಭ, ಓದುವುದು ಕಷ್ಟ. ಒಂದೇ ಚಿತ್ರದಿಂದ ನಿರ್ಣಯಕ್ಕೆ ಬರಬಾರದು. ನಡೆಯುವವನ ಛಾಯಾಚಿತ್ರವೂ ನಿಂತವನದರಂತೆಯೇ ಇರುತ್ತದಷ್ಟೆ. ಕೆಲವು ಸೆಕೆಂಡುಗಳ ಅಂತರದಲ್ಲಿ ಮೂರು ನಾಲ್ಕು ಚಿತ್ರಗಳನ್ನು ತೆಗೆದು, ಎಲ್ಲದರಲ್ಲಿಯೂ ಅದೇ ಸಾಲಿನಲ್ಲಿ ಇರುವ ಎಳೆಯನ್ನು ಹುಡುಕುವುದು ಸರಿಯಾದ ಕ್ರಮ. ಎರಡನೆಯ ಮೋಸ ಇನ್ನೂ ಸೂಕ್ಷ್ಮವಾದುದು. ದೂರದ ಯಂತ್ರದ ಉತ್ತರಕ್ಕಾಗಿ ಸಾಕೆಟ್ಟಿನ ಬಾಗಿಲಲ್ಲಿ ಕಾಯುವ ಎಳೆಯನ್ನು ಜಾವಾ ಅನೇಕ ವೇಳೆ ‘ರನ್ನಬಲ್’ ಎಂದೇ ಬರೆಯುತ್ತದೆ; ಏಕೆಂದರೆ ಆ ಕಾಯುವಿಕೆ ನಡೆಯುವುದು ಕಾರ್ಯವ್ಯವಸ್ಥೆಯ ಒಳಗೆ, ಜಾವಾಯಂತ್ರದ ಕಣ್ಣಿಗೆ ಬೀಳದಂತೆ. ಆದುದರಿಂದ ಸ್ಥಿತಿಯ ಹೆಸರನ್ನು ನಂಬದೆ ಅದರ ಕೆಳಗಿರುವ ಅಟ್ಟಿಯ ಸಾಲುಗಳನ್ನು ಓದಬೇಕು. ‘ಟಾಪ್’ ಎಳೆಯ ಸಂಖ್ಯೆಯನ್ನು ದಶಮಾನದಲ್ಲಿ ತೋರಿಸಿದರೆ ಹಳೆಯ ಆವೃತ್ತಿಗಳ ಎಳೆಚಿತ್ರ ಹದಿನಾರರ ಮಾನದಲ್ಲಿ ಬರೆಯುತ್ತದೆಂಬುದನ್ನೂ ಮರೆಯಬಾರದು.

ಇನ್ನು ‘ಸರ್ವರ್ ಇಲ್ಲ’ ಎಂಬುದರ ಹಿಂದೆ ಇರಬಹುದಾದ ಒಂದು ಪ್ರಸಂಗವನ್ನು ನೋಡಬಹುದು. ಟಾಮ್‌ಕ್ಯಾಟ್ ಎಂಬ ಪ್ರಸಿದ್ಧ ಸರ್ವರ್ ತಂತ್ರಾಂಶದಲ್ಲಿ ಬೇರೆ ಏರ್ಪಾಡಿಲ್ಲದಿದ್ದರೆ ಕೋರಿಕೆಗಳನ್ನು ನಡಸುವ ಎಳೆಗಳು ಹೆಚ್ಚೆಂದರೆ 200. ದತ್ತಕೋಶಕ್ಕೆ ಹೋಗುವ ದಾರಿಗಳು ಹತ್ತೇ ಆಗಿದ್ದು, ಆ ಹತ್ತನ್ನೂ ನಿಧಾನವಾದ ಹತ್ತು ಪ್ರಶ್ನೆಗಳು ಹಿಡಿದು ಕುಳಿತರೆ, ಉಳಿದ 190 ಎಳೆಗಳೂ ದಾರಿಗಾಗಿ ಕಾಯುತ್ತವೆ. ಬಿಳಿಚೋಡಿನ ರೈತನ ಕೋರಿಕೆ 201ನೆಯದಾದರೆ ಅದನ್ನು ಕೈಗೆತ್ತಿಕೊಳ್ಳಲು ಎಳೆಯೇ ಇಲ್ಲ. ಆಗ ಸಂಸ್ಕಾರಕ ಬಹುಮಟ್ಟಿಗೆ ಬಿಡುವಾಗಿರುತ್ತದೆ. ಯಂತ್ರದ ಆರೋಗ್ಯವನ್ನು ಸಂಸ್ಕಾರಕದ ಭಾರದಿಂದಲೇ ಅಳೆಯುವವನಿಗೆ ಎಲ್ಲವೂ ಕ್ಷೇಮ. ಎಳೆಚಿತ್ರದಲ್ಲಿಯಾದರೋ ಒಂದೇ ಸಾಲು 190 ಸಲ ಬಂದಿರುವುದು ಎದ್ದು ಕಾಣುತ್ತದೆ. ಇಂಥಲ್ಲಿ ಹೊಸ ಯಂತ್ರವನ್ನು ಕೊಂಡು ತಂದರೆ ಹಣ ವ್ಯರ್ಥ. ತಿದ್ದಬೇಕಾದುದು ಆ ಹತ್ತು ಪ್ರಶ್ನೆಗಳನ್ನು.

ಮತ್ತೊಂದು ಪ್ರಸಂಗ ಪರಸ್ಪರಬಂಧನ. ಒಂದು ಎಳೆ 10ನೆಯ ಸರ್ವೆ ನಂಬರಿನ ಬೀಗವನ್ನು ಹಿಡಿದು 12ನೆಯದನ್ನು ಬಯಸುತ್ತದೆ. ಇನ್ನೊಂದು 12ನ್ನು ಹಿಡಿದು 10ನ್ನು ಬಯಸುತ್ತದೆ. ಎರಡೂ ಬಿಡುವುದಿಲ್ಲ. 1965ರಲ್ಲಿ ಡಚ್ ವಿದ್ವಾಂಸ ಡೈಕ್‌ಸ್ಟ್ರನು ಇದನ್ನು ಮಾರಕವಾದ ಆಲಿಂಗನವೆಂದು ಕರೆದನು. ಕನ್ನಡಿಗರಿಗೆ ಕೂಡಲೇ ಧೃತರಾಷ್ಟ್ರಾಲಿಂಗನ ನೆನಪಾಗುವುದು ಸಹಜ. ಆದರೆ ಇಲ್ಲಿ ಕಪಟವಿಲ್ಲ, ಕೆಡುವವರೂ ಇಬ್ಬರು. ಬೀಗಗಳ ಸರಪಣಿ ತಿರುಗಿ ಮೊದಲಿಗೇ ಬಂದು ಸೇರುವುದನ್ನು ‘ಜೆಸ್ಟ್ಯಾಕ್’ ತಾನೇ ಹುಡುಕಿ ಕಡೆಯಲ್ಲಿ ಬರೆದು ತೋರಿಸುತ್ತದೆ. ಚಿಕ್ಕ ನಂಬರಿನ ಬೀಗವನ್ನೇ ಮೊದಲು ಹಿಡಿಯತಕ್ಕುದೆಂದು ಎಲ್ಲ ಎಳೆಗಳಿಗೂ ನಿಯಮ ಮಾಡಿದರೆ ಈ ತೊಡಕು ಹುಟ್ಟುವುದೇ ಇಲ್ಲ.

ಎಳೆಗಳ ಸ್ಥಿತಿಯನ್ನು ಬಿಡದೆ ಬರೆದಿಡುವುದರ ಬೆಲೆಯನ್ನು ಎಲ್ಲಕ್ಕಿಂತ ಚೆನ್ನಾಗಿ ತೋರಿಸಿದ ಘಟನೆ ನಡೆದುದು ಮಂಗಳಗ್ರಹದ ಮೇಲೆ. 1997ರ ಜುಲೈ 4ರಂದು ಅಲ್ಲಿ ಇಳಿದ ಪಾಥ್‌ಫೈಂಡರ್ ನೌಕೆಯ ಗಣಕವು ಕೆಲವೇ ದಿನಗಳಲ್ಲಿ ಮತ್ತೆ ಮತ್ತೆ ತಾನಾಗಿಯೇ ಪುನರಾರಂಭಗೊಳ್ಳತೊಡಗಿತು. ಹವೆಯ ವಿವರಗಳನ್ನು ಕೂಡಿಸುವ ಕೆಳದರ್ಜೆಯ ಎಳೆಯೊಂದು ಬೀಗ ಹಿಡಿದಿರುವಾಗ ಮಧ್ಯದರ್ಜೆಯ ಎಳೆಗಳು ಅದನ್ನು ತಳ್ಳಿ ಮುನ್ನುಗ್ಗುತ್ತಿದ್ದುವು. ಅದೇ ಬೀಗ ಬೇಕಾಗಿದ್ದ ಮೇಲ್ದರ್ಜೆಯ ಎಳೆ ಕಾಯುತ್ತಲೇ ಉಳಿಯುತ್ತಿತ್ತು. ಗಡುವು ಮೀರಿದುದನ್ನು ಕಂಡ ಕಾವಲಿನ ಎಳೆ ಇಡೀ ಯಂತ್ರವನ್ನೇ ಮೊದಲಿನಿಂದ ಹೊರಡಿಸುತ್ತಿತ್ತು. ಎಂಜಿನಿಯರುಗಳು ಭೂಮಿಯ ಮೇಲಿನ ಪ್ರತಿರೂಪಯಂತ್ರದಲ್ಲಿ ಎಳೆಗಳ ನಡೆಯನ್ನು ದಾಖಲಿಸುವ ಸಾಧನವನ್ನು ಹಚ್ಚಿ, ಅದೇ ದೋಷ ಮರುಕಳಿಸುವವರೆಗೆ ಓಡಿಸಿ ಕಾರಣವನ್ನು ಹಿಡಿದರು. ಬೀಗ ಹಿಡಿದ ಎಳೆಗೆ ಕಾಯುವ ಎಳೆಯ ದರ್ಜೆಯನ್ನೇ ತಾತ್ಕಾಲಿಕವಾಗಿ ಕೊಡುವ ಏರ್ಪಾಡನ್ನು ಆ ದೂರದ ನೌಕೆಯಲ್ಲಿ ಇಲ್ಲಿಂದಲೇ ಜಾರಿಗೆ ತಂದರು.

ನಮ್ಮ ನೆಲದ ಸರ್ವರುಗಳಲ್ಲಿಯೂ ಪುನರಾರಂಭವೇ ಮೊದಲು ಕೈಗೆ ಬರುವ ಚಿಕಿತ್ಸೆ. ಅದರಿಂದ ಸರತಿಯ ಸಾಲು ಸಾಗುತ್ತದೆ, ನಿಜ. ಆದರೆ ಎಳೆಗಳೊಡನೆ ಸಾಕ್ಷ್ಯವೂ ಅಳಿಯುತ್ತದೆ, ದೋಷ ನಾಳೆ ಅದೇ ಹೊತ್ತಿಗೆ ಹಾಜರಾಗುತ್ತದೆ. ನಿಲ್ಲಿಸುವ ಮೊದಲು ಎಳೆಚಿತ್ರಗಳನ್ನು ತೆಗೆದಿಡಲು ಅರ್ಧ ನಿಮಿಷ ಸಾಕು. ಚಿತ್ರ ತೆಗೆಯುವಾಗ ಜಾವಾಯಂತ್ರವು ಎಳೆಗಳನ್ನೆಲ್ಲ ಕ್ಷಣಕಾಲ ತಡೆದು ನಿಲ್ಲಿಸುವುದರಿಂದ ಬಿಡುವಿಲ್ಲದೆ ತೆಗೆಯುತ್ತಲೇ ಇರುವುದೂ ಯುಕ್ತವಲ್ಲ. 2023ರಲ್ಲಿ ಹೊರಬಂದ ಜಾವಾದ 21ನೆಯ ಆವೃತ್ತಿಯು ಲಕ್ಷಗಟ್ಟಲೆ ಹುಟ್ಟಿಸಬಹುದಾದ ಹಗುರವಾದ ‘ವರ್ಚುಯಲ್’ ಎಳೆಗಳನ್ನು ತಂದಿದೆ. ಹಳೆಯ ಬಗೆಯ ಎಳೆಚಿತ್ರದಲ್ಲಿ ಇವು ಬರುವುದಿಲ್ಲ. ‘ಜೆಸಿಎಮ್‌ಡಿ’ ಎಂಬ ಸಾಧನದ ಹೊಸ ಆಜ್ಞೆಯಿಂದ ಬೇರೆಯಾಗಿ ಕಡತಕ್ಕೆ ಬರೆಯಿಸಿಕೊಳ್ಳಬೇಕು.