ಬೆಂಗಳೂರು ದಂಡು ಪ್ರದೇಶದ ಬೇಕರಿಗಳು

ಬೆಂಗಳೂರು ದಂಡು ಪ್ರದೇಶದ ಬೇಕರಿಗಳು ಎಂದರೆ ಶಿವಾಜಿನಗರ, ಫ್ರೇಜರ್ ಟೌನ್, ಹಲಸೂರು, ಮಹಾತ್ಮ ಗಾಂಧಿ ರಸ್ತೆ ಮತ್ತು ಇವುಗಳ ಸುತ್ತಮುತ್ತ, ಬ್ರಿಟಿಷರ ಸೇನಾ ನೆಲೆಯ ಕಾಲದಿಂದ ಬೆಳೆದುಬಂದ ಬ್ರೆಡ್, ಕೇಕ್, ಪಫ್ಸ್ ಮೊದಲಾದವುಗಳ ಅಂಗಡಿಗಳು. ಇವುಗಳ ಜೊತೆಜೊತೆಗೇ ಕೆಫೆಗಳು ಮತ್ತು ಉಪಾಹಾರ ಗೃಹಗಳು ಬೆಳೆದವು. ನಗರದ ಪಶ್ಚಿಮ ಹಾಗೂ ದಕ್ಷಿಣ ಭಾಗಗಳಲ್ಲಿ ಪ್ರಸಿದ್ಧವಾದ ಅಯ್ಯಂಗಾರ್ ಬೇಕರಿಗಳಿಗೂ ದಂಡಿನ ಬೇಕರಿಗಳಿಗೂ ಮೂಲದಲ್ಲಿ ನಂಟಿದ್ದರೂ ಮೊಟ್ಟೆ ಮತ್ತು ಮಾಂಸದ ಬಳಕೆಯಲ್ಲಿ, ಹಬ್ಬದ ತಿನಿಸುಗಳಲ್ಲಿ ಇವೆರಡೂ ಬೇರೆ ಬೇರೆ ಸಂಪ್ರದಾಯಗಳಾಗಿವೆ.

ಹಿನ್ನೆಲೆ

1799ರಲ್ಲಿ ಶ್ರೀರಂಗಪಟ್ಟಣದ ಪತನದ ನಂತರ ಅಲ್ಲಿ ಬೀಡುಬಿಟ್ಟಿದ್ದ ಬ್ರಿಟಿಷ್ ಸೇನೆಯು ಮಲೇರಿಯಾದಿಂದ ಬಳಲಿತು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದ ಬೆಂಗಳೂರಿನ ಹವೆ ಯುರೋಪಿಯನ್ನರಿಗೆ ಹಿತವೆನಿಸಿದ್ದರಿಂದ 1809ರಲ್ಲಿ ಹಲಸೂರಿನ ಸಮೀಪ ದಂಡನ್ನು ಸ್ಥಾಪಿಸಲಾಯಿತು. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದಾಗಲೂ ಈ ಭಾಗವು ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲಿಯೇ ಉಳಿಯಿತು. ಪೇಟೆಯ ಪುರಸಭೆ ಬೇರೆ, ದಂಡಿನ ಪುರಸಭೆ ಬೇರೆ. ಇವೆರಡೂ ಒಂದೇ ನಗರಪಾಲಿಕೆಯಾದದ್ದು 1949ರಲ್ಲಿ.

ಸೈನಿಕರ ದಿನದ ಪಡಿತರದಲ್ಲಿ ಬ್ರೆಡ್ ಅನಿವಾರ್ಯವಾಗಿತ್ತು. ಅಕ್ಕಿ ಮತ್ತು ರಾಗಿಯ ಸೀಮೆಯಲ್ಲಿ ಹುಳಿಬರಿಸಿದ ಗೋಧಿಹಿಟ್ಟಿನ ರೊಟ್ಟಿ ಹೀಗೆ ಮೊದಲು ಸೇನೆಯ ಅಗತ್ಯವಾಗಿ ಬಂದಿತು. ದಂಡಿನಲ್ಲಿ ನೆಲೆಸಿದ ತಮಿಳು ಗುತ್ತಿಗೆದಾರರು ಹಾಗೂ ಕೆಲಸಗಾರರು, ದಖ್ಖನಿ ಉರ್ದು ಮಾತನಾಡುವ ಮುಸ್ಲಿಮರು, ಆಂಗ್ಲೋ-ಇಂಡಿಯನ್ನರು ಮತ್ತು ಭಾರತೀಯ ಕ್ರೈಸ್ತರು ಆ ರೊಟ್ಟಿಯನ್ನು ತಮ್ಮದಾಗಿಸಿಕೊಂಡರು. ದಖ್ಖನಿ ಮಾತಿನಲ್ಲಿ ಬ್ರೆಡ್ಡಿಗೆ ಇಂದಿಗೂ ಇರುವ ‘ಡಬಲ್ ರೊಟ್ಟಿ’ ಎಂಬ ಹೆಸರು ಈ ಒಗ್ಗಿಕೊಳ್ಳುವಿಕೆಗೆ ಸಾಕ್ಷಿ. ದಕ್ಷಿಣ ಭಾರತದ ಇತರೆಡೆಯೂ ಇಂಥದೇ ಬೆಳವಣಿಗೆ ನಡೆಯಿತು. ತಲಶ್ಶೇರಿಯ ಮಾಂಬಳ್ಳಿ ಬಾಪು ಅವರು 1883ರಲ್ಲಿ ಯುರೋಪಿಯನ್ ತೋಟಗಾರನೊಬ್ಬನ ಕೋರಿಕೆಯಂತೆ ಕ್ರಿಸ್ಮಸ್ ಕೇಕ್ ತಯಾರಿಸಿದರೆಂಬುದು ಆ ಊರಿನ ಹೆಮ್ಮೆಯ ಕಥೆ.

ಪೇಟೆ ಮತ್ತು ದಂಡು

ಹೊರಗೆ ತಿನ್ನುವುದು ಎಂಬ ರೂಢಿಯೇ ಪೇಟೆಯಲ್ಲಿ ಮತ್ತು ದಂಡಿನಲ್ಲಿ ಭಿನ್ನ ದಾರಿ ಹಿಡಿಯಿತು. ಪೇಟೆಯ ಕಡೆ ಯಾರು ಅಡುಗೆ ಮಾಡಿದರು ಎಂಬುದು ಗ್ರಾಹಕನ ಮೊದಲ ಪ್ರಶ್ನೆಯಾಗಿತ್ತು. 1924ರಲ್ಲಿ ಆರಂಭವಾದ ಮಾವಳ್ಳಿ ಟಿಫಿನ್ ರೂಮ್ಸ್‌ನ ಮೊದಲ ಹೆಸರು ಬ್ರಾಹ್ಮಣ ಕಾಫಿ ಕ್ಲಬ್ ಎಂದಿದ್ದುದು ಆ ಕಾಲದ ಫಲಕಗಳು ಏನನ್ನು ಭರವಸೆ ಕೊಡಬೇಕಾಗಿತ್ತು ಎಂಬುದನ್ನು ತೋರಿಸುತ್ತದೆ. ಮಾಂಸಾಹಾರ ಬೇಕಾದವರು ‘ಮಿಲಿಟರಿ ಹೋಟೆಲ್’ಗಳಿಗೆ ಹೋಗುತ್ತಿದ್ದರು. ಹೆಸರಿನಲ್ಲಿ ಮಿಲಿಟರಿ ಇದ್ದರೂ ಇವುಗಳಲ್ಲಿ ಹಳೆಯ ಹಲವು ಇದ್ದದ್ದು ದಂಡಿನಲ್ಲಲ್ಲ, ಪೇಟೆಯಲ್ಲಿ ಎಂಬುದು ಗಮನಾರ್ಹ.

ದಂಡಿನಲ್ಲಿ ವಿಂಗಡಣೆಯ ಗೆರೆ ಬೇರೆಡೆ ಇತ್ತು. 1868ರಲ್ಲಿ ಸ್ಥಾಪನೆಯಾದ ಬೆಂಗಳೂರು ಯುನೈಟೆಡ್ ಸರ್ವಿಸಸ್ ಕ್ಲಬ್ (ಈಗಿನ ಬೆಂಗಳೂರು ಕ್ಲಬ್) ಬ್ರಿಟಿಷ್ ಅಧಿಕಾರಿಗಳ ಕೂಟವಾಗಿತ್ತು. ಯುವ ಸೇನಾಧಿಕಾರಿಯಾಗಿ ಇಲ್ಲಿದ್ದ ವಿನ್‌ಸ್ಟನ್ ಚರ್ಚಿಲ್ ಅವರಿಂದ ಬರಬೇಕಾಗಿದ್ದ 13 ರೂಪಾಯಿಯನ್ನು ವಸೂಲಾಗದ ಬಾಕಿ ಎಂದು 1899ರಲ್ಲಿ ಬರೆದಿಟ್ಟ ಪುಸ್ತಕವನ್ನು ಕ್ಲಬ್ ಈಗಲೂ ಕಾಪಾಡಿಕೊಂಡಿದೆ. ಕ್ಲಬ್‌ಗಳ ಬಾಗಿಲು ಭಾರತೀಯರಿಗೆ ಮುಚ್ಚಿದ್ದರಿಂದ 1917ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಸೆಂಚುರಿ ಕ್ಲಬ್ ಸ್ಥಾಪಿಸಿದರು. ಬೇಕರಿಯ ಕಟ್ಟೆಯಲ್ಲಿ ಮಾತ್ರ ಸದಸ್ಯತ್ವವಿರಲಿಲ್ಲ. ಕಾಸು ಕೊಟ್ಟವನಿಗೆ ಬನ್ನು. ದಂಡಿನ ಬೇಕರಿಯ ಸಾಮಾಜಿಕ ಮಹತ್ವವನ್ನು ಅದರ ರುಚಿಗಿಂತ ಮೊದಲು ಇಲ್ಲಿ ಹುಡುಕಬೇಕು.

ಎರಡು ಲೋಕಗಳ ನಡುವಣ ಸೇತುವೆಯ ಕಥೆಯೊಂದಿದೆ. ಹಾಸನ ಸೀಮೆಯಿಂದ ಬಂದ ಎಚ್. ಎಸ್. ತಿರುಮಲಾಚಾರ್ ಅವರು 1898ರಲ್ಲಿ ಚಿಕ್ಕಪೇಟೆಯಲ್ಲಿ ಸಿಹಿತಿಂಡಿಯ ಅಂಗಡಿ ತೆರೆದರು. ವೆಸ್ಟ್ ಎಂಡ್ ಹೋಟೆಲಿಗೆ ಸಂಬಂಧಿಸಿದ ಆಂಗ್ಲನೊಬ್ಬ ಅವರಿಗೆ ಬ್ರೆಡ್ ಸುಡುವುದನ್ನು ಕಲಿಸಿದನೆಂದೂ, ಹೀಗೆ ಬೆಂಗಳೂರು ಬ್ರದರ್ಸ್ ಬೇಕರಿ ಹುಟ್ಟಿತೆಂದೂ ಹೇಳಲಾಗುತ್ತದೆ. ಮೊಟ್ಟೆಯಿಲ್ಲದ ಅಯ್ಯಂಗಾರ್ ಬೇಕರಿಗಳ ಪರಂಪರೆಗೆ ಇದೇ ಆರಂಭ. ಖಾರಾ ಬನ್, ಹನಿ ಕೇಕ್, ತೆಂಗಿನಕಾಯಿ ಹೂರಣದ ದಿಲ್‌ಪಸಂದ್, ಕಾಂಗ್ರೆಸ್ ಕಡಲೆಕಾಯಿ ಮುಂತಾದವುಗಳನ್ನು ಮಡಿವಂತರ ಮನೆಗಳೂ ಒಪ್ಪಿಕೊಂಡದ್ದು ಈ ಅಂಗಡಿಗಳ ಮೂಲಕ.

ಪಫ್ಸ್ ಮತ್ತು ಅದರ ತಯಾರಿಕೆ

ದಂಡಿನ ಬೇಕರಿಯ ಗುರುತಿನ ತಿನಿಸು ಪಫ್ಸ್. ಒಂದೇ ಇದ್ದರೂ ಕನ್ನಡದಲ್ಲಿ ಇದನ್ನು ಬಹುವಚನದ ರೂಪದಲ್ಲಿಯೇ ಕರೆಯುವುದು ರೂಢಿ. ಮೈದಾ, ನೀರು ಮತ್ತು ಉಪ್ಪಿನಿಂದ ಕಲಸಿದ ಹಿಟ್ಟನ್ನು ಲಟ್ಟಿಸಿ, ಅದರೊಳಗೆ ಬೆಣ್ಣೆ ಅಥವಾ ಮಾರ್ಗರಿನ್ ಹಾಳೆಯನ್ನು ಇಟ್ಟು ಮಡಿಸಲಾಗುತ್ತದೆ. ಮತ್ತೆ ಲಟ್ಟಿಸಿ ಮೂರು ಪದರಾಗಿ ಮಡಿಸಿ ತಣ್ಣಗಿರಿಸಬೇಕು. ಹೀಗೆ ಮೂರು ಪದರಿನ ಮಡಿಕೆಯನ್ನು ನಾಲ್ಕು ಬಾರಿ ಮಾಡಿದರೆ ಒಂದು ಕೊಬ್ಬಿನ ಹಾಳೆ 81 ಪದರಗಳಾಗುತ್ತದೆ. ಭಟ್ಟಿಯ ಬಿಸಿಗೆ ಹಿಟ್ಟಿನಲ್ಲಿರುವ ನೀರು ಆವಿಯಾಗಿ ಮೇಲೇರಲು ಯತ್ನಿಸುತ್ತದೆ. ಕೊಬ್ಬಿನ ಪದರ ಅದನ್ನು ತಡೆಯುವುದರಿಂದ ಎಳೆಗಳು ಒಂದರಿಂದೊಂದು ಬಿಟ್ಟು ಉಬ್ಬುತ್ತವೆ. ಇಲ್ಲಿ ಯೀಸ್ಟ್ ಆಗಲಿ ಸೋಡಾ ಆಗಲಿ ಕೆಲಸ ಮಾಡುವುದಿಲ್ಲ, ಉಬ್ಬಿಸುವುದು ಬರಿಯ ಆವಿ.

ಬೆಣ್ಣೆ ಸುಮಾರು 32ರಿಂದ 35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಬೇಸಿಗೆಯಲ್ಲಿ ಭಟ್ಟಿಯ ಪಕ್ಕದ ಕೋಣೆ ಅಷ್ಟು ಬಿಸಿಯಾಗುವುದು ಸಹಜ. ಕೊಬ್ಬು ಲಟ್ಟಿಸುವಾಗಲೇ ಕರಗಿ ಹಿಟ್ಟಿನೊಳಗೆ ಸೇರಿದರೆ ಪದರಗಳು ಅಂಟಿಕೊಂಡು ಪಫ್ಸ್ ಗಟ್ಟಿಯಾಗುತ್ತದೆ. ಹೆಚ್ಚಿನ ಶಾಖದಲ್ಲಿ ಕರಗುವ ಮಾರ್ಗರಿನ್ ಮತ್ತು ವನಸ್ಪತಿ ಬಳಕೆಗೆ ಬಂದದ್ದಕ್ಕೆ ಅಗ್ಗದ ಬೆಲೆಯಷ್ಟೇ ಇದೂ ಕಾರಣ. ಇವುಗಳಲ್ಲಿ ಟ್ರಾನ್ಸ್ ಕೊಬ್ಬಿನ ಅಂಶ ಹೆಚ್ಚಾಗಿದ್ದುದು ಬಹುಕಾಲದ ಆತಂಕವಾಗಿತ್ತು. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2022ರ ಜನವರಿಯಿಂದ ಎಣ್ಣೆ ಹಾಗೂ ಕೊಬ್ಬುಗಳಲ್ಲಿ ಇದನ್ನು ಶೇ. 2ಕ್ಕೆ ಮಿತಿಗೊಳಿಸಿದೆ.

ಹೂರಣದಲ್ಲಿ ಊರಿನ ರುಚಿ ಇದೆ. ಅರ್ಧ ಬೇಯಿಸಿದ ಮೊಟ್ಟೆಯನ್ನು ಈರುಳ್ಳಿ ಮಸಾಲೆಯ ಮೇಲಿಟ್ಟ ಎಗ್ ಪಫ್ಸ್ ಎಲ್ಲೆಡೆ ದೊರೆಯುತ್ತದೆ. ಕುರಿಮಾಂಸದ ಖೀಮಾ, ಕೋಳಿ, ಮೆದುಳಿನ (ಭೇಜಾ) ಹೂರಣಗಳು ದಂಡಿನ ವಿಶೇಷ. ಅಯ್ಯಂಗಾರ್ ಬೇಕರಿಗಳು ಇದೇ ಹೊದಿಕೆಯಲ್ಲಿ ಆಲೂಗಡ್ಡೆ, ಬಟಾಣಿಯ ಪಲ್ಯ ತುಂಬುತ್ತವೆ.

ಪ್ರಮುಖ ಅಂಗಡಿಗಳು

ಫ್ರೇಜರ್ ಟೌನಿನ ಮಾಸ್ಕ್ ರಸ್ತೆಯಲ್ಲಿರುವ ಆಲ್ಬರ್ಟ್ ಬೇಕರಿ 1902ರಷ್ಟು ಹಿಂದಿನದು. ಮುಸ್ಲಿಂ ಕುಟುಂಬವೊಂದು ಆಂಗ್ಲ ಹೆಸರಿಟ್ಟು ಆರಂಭಿಸಿದ ಈ ಅಂಗಡಿಯ ಬಾಗಿಲು ಬೆಳಗ್ಗೆ ಅಲ್ಲ, ಮಧ್ಯಾಹ್ನದ ನಂತರ ತೆರೆಯುತ್ತದೆ. ಖೀಮಾ ಸಮೋಸಾ, ಭೇಜಾ ಪಫ್ಸ್, ಖೋವಾ ನಾನ್ ಇಲ್ಲಿನ ಹೆಸರಾಂತ ತಿನಿಸುಗಳು. ರಂಜಾನ್ ತಿಂಗಳಲ್ಲಿ ಉಪವಾಸ ಬಿಡುವವರಿಗೂ, ಶುಭ ಶುಕ್ರವಾರದಂದು ಶಿಲುಬೆ ಗುರುತಿನ ಬನ್ನು ಕೊಳ್ಳುವ ಕ್ರೈಸ್ತರಿಗೂ ಅದೇ ಭಟ್ಟಿ. ಸಮೀಪದ ವೀಲರ್ ರಸ್ತೆಯ ಥಾಮ್ಸ್ ಬೇಕರಿಯು ಬ್ರೆಡ್ ಹಾಗೂ ದಿನಸಿ ಸಾಮಾನು ಎರಡನ್ನೂ ಮಾರುವ ಬಡಾವಣೆಯ ದೊಡ್ಡ ಅಂಗಡಿಯಾಗಿ ಬೆಳೆದಿದೆ.

ನೀಲಗಿರಿ ಬೆಟ್ಟದಲ್ಲಿ 1905ರಲ್ಲಿ ಮುತ್ತುಸ್ವಾಮಿ ಮೊದಲಿಯಾರ್ ಅವರು ಆರಂಭಿಸಿದ ಹಾಲು, ಬೆಣ್ಣೆಯ ವ್ಯಾಪಾರವು 1936ರಲ್ಲಿ ಬ್ರಿಗೇಡ್ ರಸ್ತೆಗೆ ಬಂದು ನೀಲಗಿರೀಸ್ ಎಂಬ ಹೆಸರಿನಲ್ಲಿ ಬೇಕರಿ ಮತ್ತು ಕೆಫೆಯಾಗಿ ವಿಸ್ತರಿಸಿತು. 1970ರ ದಶಕದಲ್ಲಿ ಈ ಸಂಸ್ಥೆಯ ಆಶ್ರಯದಲ್ಲಿ ಮೊದಲಾದ ಕ್ರಿಸ್ಮಸ್ ಕೇಕ್ ಪ್ರದರ್ಶನ ಈಗ ನಗರದ ವಾರ್ಷಿಕ ಆಕರ್ಷಣೆ. ಸಕ್ಕರೆಯಲ್ಲಿ ಕಟ್ಟಿದ ಕೋಟೆ, ಗೋಪುರಗಳನ್ನು ನೋಡಲು ಟಿಕೆಟ್ ಕೊಂಡು ಸಾಲುಗಟ್ಟುವವರಲ್ಲಿ ಎಲ್ಲ ಧರ್ಮದವರೂ ಇರುತ್ತಾರೆ.

ಹಲಸೂರು ಕೆರೆಗೆ ಅಭಿಮುಖವಾಗಿ 1930ರಲ್ಲಿ ಆಂಗ್ಲನೊಬ್ಬ ತೆರೆದ ಲೇಕ್‌ವ್ಯೂ ಮಿಲ್ಕ್ ಬಾರ್ ಮುಂದೆ ಮಹಾತ್ಮ ಗಾಂಧಿ ರಸ್ತೆಗೆ ಸ್ಥಳಾಂತರಗೊಂಡಿತು. ಕೆರೆ ಕಾಣದ ರಸ್ತೆಯಲ್ಲಿಯೂ ಹೆಸರು ಮಾತ್ರ ಹಾಗೆಯೇ ಉಳಿಯಿತು.

ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್ 1940ರಲ್ಲಿ ಪಿ. ಒ. ಕೋಶಿಯವರ ಬೇಕರಿಯಾಗಿ ಮೊದಲಾಗಿ, 1950ರ ದಶಕದ ಆರಂಭದಲ್ಲಿ ಪರೇಡ್ ಕೆಫೆ ಎಂಬ ಉಪಾಹಾರ ಗೃಹವಾಯಿತು. ಕೇರಳದ ಅಪ್ಪಂ ಮತ್ತು ಸ್ಟ್ಯೂ, ಆಂಗ್ಲ ಶೈಲಿಯ ಕಟ್ಲೆಟ್, ಉತ್ತರ ಭಾರತದ ಖಾದ್ಯಗಳು ಒಂದೇ ಪಟ್ಟಿಯಲ್ಲಿವೆ. ಪತ್ರಕರ್ತರು, ರಂಗಕರ್ಮಿಗಳು, ವಕೀಲರು ಒಂದು ಕಾಫಿಯ ಮುಂದೆ ಗಂಟೆಗಟ್ಟಲೆ ಕುಳಿತರೂ ಎಬ್ಬಿಸದಿರುವುದು ಇಲ್ಲಿನ ಅಲಿಖಿತ ನಿಯಮ.

ಕಾಫಿ ಮಂಡಳಿಯು ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಲು ಹೊರಟಾಗ ಕೆಲಸಗಾರರೇ ಸಹಕಾರ ಸಂಘ ಕಟ್ಟಿಕೊಂಡರು. 1957ರಲ್ಲಿ ಬೆಂಗಳೂರಿನಲ್ಲಿ ಇಂತಹ ಸಂಘ ರಚನೆಯಾಯಿತು. ಬಿಳಿ ಸಮವಸ್ತ್ರ, ಪೇಟ, ನಡುಪಟ್ಟಿಯ ಪರಿಚಾರಕರಿಗೆ ಹೆಸರಾದ ಮಹಾತ್ಮ ಗಾಂಧಿ ರಸ್ತೆಯ ಇಂಡಿಯಾ ಕಾಫಿ ಹೌಸ್ 2009ರಲ್ಲಿ ಅಲ್ಲಿನ ಕಟ್ಟಡ ಬಿಟ್ಟು ಚರ್ಚ್ ಸ್ಟ್ರೀಟಿಗೆ ಹೋಯಿತು. ಬಾಡಿಗೆಯ ನೆಲದಲ್ಲಿ ನಿಂತ ಹಳೆಯ ಉಪಾಹಾರ ಗೃಹಗಳಿಗೆಲ್ಲ ಈ ಅಪಾಯ ಇದ್ದದ್ದೇ. ದೋಸೆ, ಆಮ್ಲೆಟ್ ಮಾರಿ ಬರುವ ಆದಾಯ ಈ ಬೀದಿಗಳ ಇಂದಿನ ಬಾಡಿಗೆಗೆ ಸರಿಸಾಟಿಯಲ್ಲ.

ಹಬ್ಬಗಳ ತಿನಿಸು

ಕ್ರಿಸ್ಮಸ್ಸಿನ ಪ್ಲಮ್ ಕೇಕಿನಲ್ಲಿ ಹೆಸರಿಗೆ ತಕ್ಕಂತೆ ಪ್ಲಮ್ ಇರಬೇಕೆಂದಿಲ್ಲ. ಹಳೆಯ ಆಂಗ್ಲ ಬಳಕೆಯಲ್ಲಿ ಒಣದ್ರಾಕ್ಷಿಗೂ ಅದೇ ಹೆಸರಿತ್ತು. ಒಣದ್ರಾಕ್ಷಿ, ಖರ್ಜೂರ, ಕಿತ್ತಳೆ ಸಿಪ್ಪೆ, ಗೋಡಂಬಿಗಳನ್ನು ವಾರಗಳ ಮೊದಲೇ ರಮ್‌ನಲ್ಲಿ ನೆನೆಸಿಡುತ್ತಾರೆ. ಮನೆಯಲ್ಲಿ ಒಲೆಪೆಟ್ಟಿಗೆ ಇಲ್ಲದ ಕುಟುಂಬಗಳು ಕಲಸಿದ ಹಿಟ್ಟನ್ನು ಬಡಾವಣೆಯ ಬೇಕರಿಗೆ ಒಯ್ದು, ಕೂಲಿ ಕೊಟ್ಟು ಸುಡಿಸಿಕೊಂಡು ಬರುವ ಪದ್ಧತಿ ಇತ್ತು. ಕುಲ್‌ಕುಲ್ ಮತ್ತು ಅಚ್ಚಿನಲ್ಲಿ ಕರಿದ ರೋಸ್ ಕುಕ್ಕಿಗಳು ಆಂಗ್ಲೋ-ಇಂಡಿಯನ್ ಮನೆಗಳ ತಟ್ಟೆಯಲ್ಲಿ ಕೇಕಿನ ಜೊತೆಗಾರರು. ರಂಜಾನ್ ಮಾಸದ ಸಂಜೆ ಶಿವಾಜಿನಗರ ಮತ್ತು ಫ್ರೇಜರ್ ಟೌನಿನ ಬೀದಿಗಳಲ್ಲಿ ಗೋಧಿ, ಬೇಳೆ, ಮಾಂಸವನ್ನು ಗಂಟೆಗಟ್ಟಲೆ ಬೇಯಿಸಿ ಕುಟ್ಟಿದ ಹಲೀಮ್, ಸಮೋಸಾ, ಹಾಲಿಲ್ಲದ ಸುಲೈಮಾನಿ ಚಹಾ ಕೊಳ್ಳಲು ಊರಿನ ಎಲ್ಲ ಮೂಲೆಗಳಿಂದ ಜನ ಬರುತ್ತಾರೆ.

ಪೂರ್ವಕ್ಕೆ ವಿಸ್ತರಣೆ

ಇಂದಿರಾನಗರವು ವಸತಿ ಬಡಾವಣೆಯಾಗಿ ರೂಪುಗೊಂಡದ್ದು. ಮಾಹಿತಿ ತಂತ್ರಜ್ಞಾನ ಉದ್ಯಮ ಬೆಳೆದಂತೆ 100 ಅಡಿ ರಸ್ತೆ ಮತ್ತು 12ನೇ ಮುಖ್ಯ ರಸ್ತೆಯ ಮನೆಗಳು ಒಂದೊಂದಾಗಿ ಕೆಫೆ, ಪೇಸ್ಟ್ರಿ ಅಂಗಡಿ, ಬಿಯರ್ ತಯಾರಿಕಾ ಗೃಹಗಳಾದವು. ಇದರಿಂದ ಶಬ್ದ, ವಾಹನ ನಿಲುಗಡೆಗಳ ವಿಷಯದಲ್ಲಿ ನಿವಾಸಿಗಳ ದೂರು ಇಂದಿಗೂ ಮುಗಿದಿಲ್ಲ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ ಆರಂಭವಾದ ನಮ್ಮ ಮೆಟ್ರೋ ಮೊದಲ ಮಾರ್ಗವು ಇಂದಿರಾನಗರ, ಹಲಸೂರುಗಳನ್ನು ಹಾದು ಹಳೆಯ ದಂಡಿಗೂ ಹೊಸ ಪೂರ್ವಕ್ಕೂ ಕೊಂಡಿಯಾಯಿತು. 2023ರಲ್ಲಿ ಈ ಮಾರ್ಗ ಕೃಷ್ಣರಾಜಪುರದ ಮೂಲಕ ವೈಟ್‌ಫೀಲ್ಡ್ ತಲುಪಿತು. ಹಳೆಯ ಪಫ್ಸ್ ಬದಲಿಗೆ ಇಲ್ಲಿ ಫ್ರೆಂಚ್ ಕ್ರೊಸಾಂಟ್ ಸಿಗುತ್ತದೆ. ತತ್ತ್ವ ಅದೇ ಮಡಿಕೆಯದು, ಆದರೆ ಕ್ರೊಸಾಂಟಿನ ಹಿಟ್ಟಿಗೆ ಯೀಸ್ಟ್ ಸೇರುತ್ತದೆ. ಬೆಲೆಯ ಅಂತರವಂತೂ ಹಲವು ಪಟ್ಟು.

ಸುರಕ್ಷತೆ ಮತ್ತು ತೆರಿಗೆ

2024ರಲ್ಲಿ ಕರ್ನಾಟಕದ ಆಹಾರ ಸುರಕ್ಷತಾ ಇಲಾಖೆಯು ಪರೀಕ್ಷಿಸಿದ 235 ಕೇಕ್ ಮಾದರಿಗಳಲ್ಲಿ 223 ಸುರಕ್ಷಿತವೆಂದು ಕಂಡುಬಂದರೆ, 12ರಲ್ಲಿ ಅಸುರಕ್ಷಿತ ಪ್ರಮಾಣದ ಕೃತಕ ಬಣ್ಣಗಳಿದ್ದವು. ಅಲ್ಯೂರಾ ರೆಡ್, ಸನ್‌ಸೆಟ್ ಯೆಲ್ಲೋ, ಪೊನ್ಸೋ 4 ಆರ್, ಟಾರ್ಟ್ರಜಿನ್, ಕಾರ್ಮೋಸಿನ್ ಇವುಗಳ ಹೆಸರು. ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್‌ನಂತಹ ಗಾಢ ಬಣ್ಣದ ಕೇಕ್‌ಗಳ ಬಗ್ಗೆ ಇಲಾಖೆ ಎಚ್ಚರಿಕೆ ನೀಡಿತು. ಸುದ್ದಿಯಲ್ಲಿ ಎಲ್ಲ ಕೇಕ್‌ಗಳೂ ವಿಷವೆಂಬಂತೆ ಬಿಂಬಿತವಾದರೂ ದೋಷ ಕಂಡದ್ದು ಸುಮಾರು ಶೇ. 5ರಷ್ಟು ಮಾದರಿಗಳಲ್ಲಿ.

ಸರಕು ಮತ್ತು ಸೇವಾ ತೆರಿಗೆಯಲ್ಲಿ ಬ್ರೆಡ್ಡಿಗೆ ವಿನಾಯಿತಿ ಇದ್ದು, ಕೇಕ್ ಹಾಗೂ ಪೇಸ್ಟ್ರಿಗಳಿಗೆ ಶೇ. 18ರ ದರವಿತ್ತು. ಒಂದೇ ಭಟ್ಟಿಯಿಂದ ಬಂದ ಎರಡು ತಿನಿಸುಗಳಿಗೆ ಎರಡು ಲೆಕ್ಕ ಇಡಬೇಕಾದದ್ದು ಸಣ್ಣ ಅಂಗಡಿಗಳಿಗೆ ಹೊರೆಯಾಯಿತು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆಗಳ ಇಲಾಖೆಯು ಯುಪಿಐ ಮೂಲಕ ಬಂದ ಹಣದ ಆಧಾರದ ಮೇಲೆ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳಿಗೆ ನೋಟಿಸು ನೀಡಿತು. ವರ್ಷಕ್ಕೆ ಸರಕು ಮಾರಾಟದಲ್ಲಿ 40 ಲಕ್ಷ, ಸೇವೆಯಲ್ಲಿ 20 ಲಕ್ಷ ರೂಪಾಯಿ ವಹಿವಾಟು ಮೀರಿದವರಿಗೆ ನೋಂದಣಿ ಕಡ್ಡಾಯವೆಂಬುದು ಅದರ ನಿಲುವು. ಹಲವು ಅಂಗಡಿಗಳು ಕ್ಯೂಆರ್ ಫಲಕ ತೆಗೆದು ‘ನಗದು ಮಾತ್ರ’ ಎಂದು ಬರೆದವು. ವ್ಯಾಪಾರಿಗಳ ಪ್ರತಿಭಟನೆಯ ನಂತರ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸಭೆ ಕರೆದು, ನೋಂದಣಿ ಮಾಡಿಕೊಳ್ಳುವವರಿಂದ ಹಳೆಯ ಬಾಕಿ ಕೇಳುವುದಿಲ್ಲವೆಂದು ಭರವಸೆ ನೀಡಿದರು. ಅದೇ ವರ್ಷ ಸೆಪ್ಟೆಂಬರ್ 22ರಿಂದ ಕೇಕ್, ಪೇಸ್ಟ್ರಿ, ಬಿಸ್ಕತ್ತುಗಳ ತೆರಿಗೆ ಶೇ. 5ಕ್ಕೆ ಇಳಿಯಿತು.