ಟ್ರಿಗರಿಗೆ ಅರ ಹಿಡಿಯುವ ಮುನ್ನ

ಭೀಮಾತೀರದ ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿಯೂ ಗಡಿಯ ಆಳಂದದಲ್ಲಿಯೂ ತೊಗರಿಯ ಬೆಳೆಗೆ ಕಾಡುಹಂದಿಯ ಕಾಟ ಹೊಸದಲ್ಲ. ಬೆಳೆಯ ಕಾವಲಿಗೆಂದು ಲೈಸನ್ಸು ಪಡೆದು ಬಂದೂಕನ್ನಿಟ್ಟುಕೊಂಡ ಒಕ್ಕಲಿಗನು, ಅದರ ಟ್ರಿಗರು ಬೆರಳಿಗೆ ಬಿಗಿಯಾಯಿತೆಂದು ಊರ ಕಮ್ಮಾರನ ಕುಲುಮೆಗೆ ಹೋದರೆ ಆಶ್ಚರ್ಯವೇನು? ಕುರಿಗೆ ಕುಂಟೆಗಳನ್ನು ಸರಿಪಡಿಸುವ ಕೈಗೆ, ಬಂದೂಕಿನೊಳಗೆ ಸುತ್ತಿಗೆಯನ್ನು ತಡೆದು ಹಿಡಿಯುವ ಚಿಕ್ಕ ಕೊಂಡಿಯನ್ನು ಅರದಿಂದ ಸವೆಯಿಸುವುದು ಅರ್ಧ ತಾಸಿನ ಕೆಲಸ. ಆದರೆ ಆ ಅರ್ಧ ತಾಸಿಗೆ ಕಾಯದೆಯು ಕನಿಷ್ಠ 7 ವರ್ಷಗಳ ಸೆರೆವಾಸವನ್ನು ಇಟ್ಟಿರುವುದೆಂದು ಬಲ್ಲವರು ನಮ್ಮ ಹಳ್ಳಿಗಳಲ್ಲಿ ಎಷ್ಟು ಜನ?

1878ರ ಶಸ್ತ್ರಾಸ್ತ್ರ ಕಾಯದೆಯು ಪರಕೀಯರು ಈ ದೇಶವನ್ನು ನಿಶ್ಶಸ್ತ್ರಗೊಳಿಸಲು ತಂದದ್ದು. ಅದನ್ನು ಧಿಕ್ಕರಿಸುವುದರಲ್ಲಿ ಒಂದು ಅಭಿಮಾನವಿತ್ತು. ಈಗ ನಡೆದಿರುವುದು ನಮ್ಮದೇ ಪಾರ್ಲಿಮೆಂಟು 1959ರಲ್ಲಿ ರಚಿಸಿದ ಕಾಯದೆ. ಅದರ 3ನೆಯ ಕಲಮಿನ ಲೈಸನ್ಸು ಬಂದೂಕನ್ನು ಪಡೆಯಲು, ಇಟ್ಟುಕೊಳ್ಳಲು, ಒಯ್ಯಲು ಮಾತ್ರ. ತಯಾರಿಕೆ, ಮಾರಾಟ, ಮಾರ್ಪಾಟು, ದುರಸ್ತಿ ಇವೆಲ್ಲ 5ನೆಯ ಕಲಮಿಗೆ ಸೇರಿ ಬೇರೆಯೇ ಲೈಸನ್ಸನ್ನು ಬೇಡುತ್ತವೆ. ಕೇವಲ ದುರಸ್ತಿಯೂ ಆ ಸಾಲಿನಲ್ಲಿದೆಯೆಂಬುದನ್ನು ವಾಚಕರು ಗಮನಿಸಬೇಕು. ಟ್ರಿಗರು ಎಷ್ಟು ಹಗುರವಿರಬಹುದೆಂದು ಕಾಯದೆಯು ತೂಕವನ್ನು ಹೇಳಿಲ್ಲ. ಆದುದರಿಂದ ಅಡ್ಡಿಯಿಲ್ಲವೆಂದು ವಾದಿಸುವ ಬುದ್ಧಿವಂತರುಂಟು. ಕೆಲಸ ಎಂಥದೆಂದು ಕೇಳುವ ಮೊದಲೇ, ಮಾಡಿದವನಿಗೆ ಅಧಿಕಾರವಿತ್ತೇ ಎಂದು ಕೋರ್ಟು ಕೇಳುವುದೆಂಬುದನ್ನು ಅವರು ಮರೆಯುತ್ತಾರೆ. ಮತ್ತು ಅತಿ ಹಗುರಾದ ಟ್ರಿಗರು ಕತ್ತಲಲ್ಲಿ ಬದುವಿನ ಮೇಲೆ ಎಡವಿದವನ ಕಾಲಿಗೇ ಗುಂಡು ಹೊಡೆದೀತು.

ಇದಕ್ಕಿಂತ ಘೋರವಾದ ಮಾರ್ಪಾಟು ಇನ್ನೊಂದುಂಟು. ಟ್ರಿಗರನ್ನು ಒತ್ತಿ ಹಿಡಿದಿರುವವರೆಗೆ ಗುಂಡುಗಳು ಸತತವಾಗಿ ಹಾರುವಂತೆ ಮಾಡಿದ ಆಯುಧವು ನಿಷಿದ್ಧ ಶಸ್ತ್ರವೆನಿಸುತ್ತದೆ. 2019ರ ತಿದ್ದುಪಡಿಯ ಮೇಲೆ ಅದನ್ನು ಇಟ್ಟುಕೊಂಡವನಿಗೆ 7ರಿಂದ 14 ವರ್ಷಗಳ ಶಿಕ್ಷೆ. ಒಕ್ಕಲಿಗನ ಒಂಟಿ ನಳಿಗೆಯ ಬಂದೂಕಿಗೆ ಈ ಭಯವಿಲ್ಲ. ಭಯವಿರುವುದು ಫೋನಿನಲ್ಲಿ ಅಮೇರಿಕೆಯ ಟ್ರಿಗರು ಸಾಮಾನುಗಳ ಜಾಹೀರಾತನ್ನು ನೋಡಿ ಮರುಳಾಗುವ ತರುಣರಿಗೆ. ಅಲ್ಲಿ 2017ರ ಲಾಸ್ ವೇಗಸ್ ಹತ್ಯಾಕಾಂಡದ ತರುವಾಯ ಸರಕಾರವು ‘ಬಂಪ್ ಸ್ಟಾಕ್’ ಎಂಬ ಸಾಧನವನ್ನು ನಿಷೇಧಿಸಿತು. ಟ್ರಿಗರಿನ ಒಂದೇ ಕ್ರಿಯೆಗೆ ಹಲವು ಗುಂಡು ಹಾರಿದರೆ ಮಾತ್ರ ಮೆಶಿನ್ ಗನ್ನೆಂಬ ಕಾಯದೆಯ ಶಬ್ದಗಳನ್ನೇ ಹಿಡಿದು 2024ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಆ ನಿಷೇಧವನ್ನು ಕಿತ್ತುಹಾಕಿತು. ಆ ನ್ಯಾಯ ಇಲ್ಲಿ ನಡೆಯದು. ನಮ್ಮ ಕಾಯದೆಯ ವ್ಯಾಖ್ಯೆಯಲ್ಲಿ ಬಂದೂಕಿನ ಬಿಡಿಭಾಗವೂ ಬಂದೂಕೇ. ಲೈಸನ್ಸಿಲ್ಲದೆ ಪರದೇಶದಿಂದ ತರಿಸಿದರೆ 10ನೆಯ ಕಲಮಿನ ಅಪರಾಧ.

ಒಂದು ಮಾತು ನಮಗೆ ಒಪ್ಪಿಗೆಯಿಲ್ಲ. 5ನೆಯ ಕಲಮನ್ನು ಮುರಿದವರಿಗೆ 2019ರ ಮೊದಲು 3ರಿಂದ 7 ವರ್ಷಗಳ ಶಿಕ್ಷೆಯಿತ್ತು; ಈಗ 7 ವರ್ಷಗಳಿಂದ ಆಜೀವ ಕಾರಾವಾಸದವರೆಗೆ. ಕಳ್ಳಪಿಸ್ತೂಲುಗಳನ್ನು ರಾಶಿರಾಶಿಯಾಗಿ ಮಾಡಿ ಮಾರುವವನಿಗೂ, ನೆರೆಯವನ ಮಾತಿಗೆ ಅರ ಹಿಡಿದ ಕಮ್ಮಾರನಿಗೂ ಕನಿಷ್ಠ ಶಿಕ್ಷೆ ಒಂದೇ! ಪಾರ್ಲಿಮೆಂಟು ಈ ಭೇದವನ್ನು ಮಾಡಬೇಕಿತ್ತು. ಅದು ಆಗುವವರೆಗೆ ಬಂದೂಕು ಕೆಟ್ಟರೆ ಲೈಸನ್ಸುಳ್ಳ ದುರಸ್ತಿಗಾರನ ಬಳಿಗೇ ಒಯ್ದು ಪಾವತಿಯನ್ನು ಜೋಪಾನವಾಗಿಡಬೇಕು. ಚುನಾವಣೆಯ ಕಾಲಕ್ಕೆ ಬಂದೂಕುಗಳನ್ನು ಠಾಣೆಯಲ್ಲಿ ಜಮೆ ಮಾಡಿಸಿಕೊಳ್ಳುವ ವಾಡಿಕೆಯಿದೆಯಷ್ಟೆ. ಅವನ್ನು ಹಿಂದಿರುಗಿಸುವ ದಿನ ಜಿಲ್ಲಾಧಿಕಾರಿಗಳು ಈ ಎರಡು ಕಲಮುಗಳ ಅಂತರವನ್ನು ಅಚ್ಚಗನ್ನಡದಲ್ಲಿ ಅಚ್ಚುಹಾಕಿಸಿ, ಬಂದೂಕಿನ ಸಂಗಡ ಒಂದೊಂದು ಪ್ರತಿಯನ್ನು ಕೊಡಿಸಲಿ.